ಬಾಡಿಗೆಯ ವರ್ಷಗಳು ಮಾಲೀಕತ್ವವಾಗುವುದು ಯಾವಾಗ? ಇಂಗ್ಲೆಂಡಿನ ಕೌನ್ಸಿಲ್ ಮನೆಗಳ ವ್ಯಾಜ್ಯಗಳು

ಮೂವತ್ತು ವರ್ಷ ಒಂದೇ ಮನೆಗೆ ಬಾಡಿಗೆ ಕಟ್ಟಿದ ಕುಟುಂಬವು, ಇಷ್ಟು ಹೊತ್ತಿಗೆ ಈ ಮನೆಯ ಬೆಲೆಯೆಲ್ಲ ನಮ್ಮಿಂದಲೇ ಸಂದಾಯವಾಗಿದೆ, ಆದ್ದರಿಂದ ನ್ಯಾಯವಾಗಿ ಇದು ನಮ್ಮದೇ ಆಗಬೇಕು ಎಂದು ಭಾವಿಸಿದರೆ ಆಶ್ಚರ್ಯವೇನಿಲ್ಲ. ಮನೆಯ ಒಡೆತನ ಖಾಸಗಿ ವ್ಯಕ್ತಿಯದಾಗಿರದೆ ನಗರಾಡಳಿತದ್ದಾಗಿದ್ದರೆ ಈ ಭಾವನೆ ಇನ್ನೂ ಗಟ್ಟಿಯಾಗುತ್ತದೆ. ಜನರ ತೆರಿಗೆಯಿಂದ ಕಟ್ಟಿದ ಮನೆ, ಜನರೇ ವಾಸವಿರುವ ಮನೆ, ಇದನ್ನು ನಮಗೆ ಬರೆದುಕೊಡಲು ಇವರಿಗೇನು ಅಡ್ಡಿ ಎಂಬ ಪ್ರಶ್ನೆ ಏಳುತ್ತದೆ. ಇಂಥ ಪ್ರಶ್ನೆಯನ್ನು ಹೊತ್ತು ನ್ಯಾಯಾಲಯದ ಮೆಟ್ಟಿಲೇರಿದವರು ಹಲವು ದೇಶಗಳಲ್ಲಿದ್ದಾರೆ. ಆದರೆ ವಿವಾದದ ಹೆಚ್ಚಿನ ಮಗ್ಗುಲುಗಳು ಒಂದೇ ಕಡೆ ಕಾಣಸಿಗುವುದು ಇಂಗ್ಲೆಂಡಿನ ಕೌನ್ಸಿಲ್ ಮನೆಗಳ, ಎಂದರೆ ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳ, ಇತಿಹಾಸದಲ್ಲಿ. ಬಾಡಿಗೆದಾರರು ಅಲ್ಲಿ ಒಮ್ಮೆ ದೇಶದ ಅತ್ಯುನ್ನತ ನ್ಯಾಯಪೀಠದಲ್ಲಿ ಸೋತರು, ಮರುವರ್ಷವೇ ಸಂಸತ್ತಿನಲ್ಲಿ ಗೆದ್ದರು, ಆ ಗೆಲುವಿನ ಅಳತೆ ಎಷ್ಟೆಂಬುದನ್ನು ತಿಳಿಯಲು ಮತ್ತೆ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದರು.

ನ್ಯಾಯಾಲಯವು ವಾಸದ ವರ್ಷಗಳನ್ನು ಎಣಿಸಿ ಮಾಲೀಕತ್ವ ಕೊಡುವುದಿಲ್ಲ. ಅದು ಕೇಳುವ ಪ್ರಶ್ನೆಗಳು ಎರಡು: ಮಾರುತ್ತೇನೆಂದು ಮಾಲೀಕ ಬದ್ಧನಾದ ಕರಾರು ಇದೆಯೇ, ಅಥವಾ ಮಾರಲೇಬೇಕೆಂದು ಶಾಸನವೊಂದು ವಿಧಿಸಿದೆಯೇ. ಎರಡೂ ಇಲ್ಲದಿದ್ದರೆ ಐವತ್ತು ವರ್ಷದ ಬಾಡಿಗೆ ರಸೀದಿಗಳೂ ಬಾಡಿಗೆ ಸಂದಾಯವಾಗಿದೆ ಎಂಬುದಕ್ಕಷ್ಟೇ ಸಾಕ್ಷಿ. ವರ್ಷಗಳಿಗೆ ಬೆಲೆ ಬರುವುದು ಶಾಸನವು ತಾನಾಗಿ ಅವುಗಳಿಗೆ ಬೆಲೆ ಕಟ್ಟಿದಾಗ ಮಾತ್ರ.

ಬಾಡಿಗೆದಾರನ ದೀರ್ಘ ವಾಸ ಹಕ್ಕಾಗಿ ಮಾಗುವುದಿಲ್ಲವೇಕೆ ಎಂಬುದನ್ನು ಮೊದಲು ನೋಡಬೇಕು. ಬಾಡಿಗೆದಾರ ಮನೆಯಲ್ಲಿರುವುದು ಮಾಲೀಕನ ಅನುಮತಿಯಿಂದ. ಅವನು ಕಟ್ಟುವ ಪ್ರತಿಯೊಂದು ಬಾಡಿಗೆಯೂ ಮಾಲೀಕ ಬೇರೊಬ್ಬನಿದ್ದಾನೆ ಎಂಬುದನ್ನು ಒಪ್ಪಿಕೊಂಡ ಹಾಗೆ. ಯಾರಿಂದ ಬಾಡಿಗೆಗೆ ಪಡೆದನೋ ಅವರ ಒಡೆತನವನ್ನೇ ಅವನು ಅಲ್ಲಗಳೆಯುವಂತಿಲ್ಲ ಎಂಬ ನಿಯಮ ಇಂಗ್ಲಿಷ್ ಕಾನೂನಿನಲ್ಲಿ ಹಳೆಯದು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮಿನ ಮೂಲಕ ನಮ್ಮ ನ್ಯಾಯಾಲಯಗಳಿಗೂ ಅದು ಬಂದಿತು. ಹೀಗಾಗಿ ನಿಷ್ಠೆಯಿಂದ ಬಾಡಿಗೆ ಕಟ್ಟಿದಷ್ಟೂ ಬಾಡಿಗೆದಾರ ಮಾಲೀಕತ್ವದಿಂದ ದೂರವೇ ಉಳಿಯುತ್ತಾನೆ.

ಇದರ ವಿಚಿತ್ರ ಮಗ್ಗುಲು ದಕ್ಷಿಣ ಲಂಡನ್ನಿನ ಲ್ಯಾಂಬೆತ್ ಪ್ರದೇಶದಲ್ಲಿ ಕಂಡಿತು. ಖಾಲಿ ಬಿದ್ದಿದ್ದ ಕೌನ್ಸಿಲ್ ಮನೆಗಳಿಗೆ ಅನುಮತಿಯಿಲ್ಲದೆ ಹೊಕ್ಕು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಉಳಿದಿದ್ದ ಕೆಲವರು, ಕೌನ್ಸಿಲ್ ಅಷ್ಟು ದಿನ ಸುಮ್ಮನಿದ್ದುದರಿಂದ ಅದರ ಹಕ್ಕು ಕಾಲಾವಧಿ ಮೀರಿ ಅಳಿದುಹೋಗಿದೆ ಎಂದು ವಾದಿಸಿ, 1999 ಮತ್ತು 2001ರ ಮೇಲ್ಮನವಿಗಳಲ್ಲಿ ಗೆದ್ದರು. ಇದಕ್ಕೆ ಪ್ರತಿಕೂಲ ಸ್ವಾಧೀನ ಎಂದು ಹೆಸರು. ಅನುಮತಿಯಿಲ್ಲದೆ ಬಂದವನ ಕೈಗೆ ಮನೆ ಸಿಕ್ಕಿತು, ಪಕ್ಕದ ಮನೆಯಲ್ಲಿ ವಾರವಾರವೂ ಬಾಡಿಗೆ ಕಟ್ಟಿದವನಿಗೆ ಈ ದಾರಿ ಮುಚ್ಚಿಯೇ ಇತ್ತು. ಅದೇ ಲ್ಯಾಂಬೆತ್‌ನ ಇನ್ನೊಂದು ಪ್ರಕರಣದಲ್ಲಿ ವಾಸವಿದ್ದಾತ ತಾನಿರುವುದು ಲ್ಯಾಂಬೆತ್‌ನ ಆಸ್ತಿಯಲ್ಲಿ ಎಂದು ಕೌನ್ಸಿಲ್‌ಗೆ ಬರೆದಿದ್ದ ಒಂದು ಪತ್ರವೇ ಕೌನ್ಸಿಲ್‌ನ ಒಡೆತನಕ್ಕೆ ಒಪ್ಪಿಗೆಯಾಗಿ ಪರಿಣಮಿಸಿ, ಅವನ ಹಕ್ಕು ಬಿದ್ದುಹೋಯಿತು. 2003ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭೂ ನೋಂದಣಿ ಕಾಯ್ದೆಯ ನಂತರ, ನೋಂದಾಯಿತ ಆಸ್ತಿಯ ಮಾಲೀಕನಿಗೆ ಮೊದಲೇ ಸೂಚನೆ ಹೋಗುವುದರಿಂದ, ಆಕ್ಷೇಪ ಸಲ್ಲಿಸುವ ಕೌನ್ಸಿಲ್‌ನ ಎದುರು ಈ ದಾರಿಯಲ್ಲಿ ಗೆಲ್ಲುವುದು ಬಹಳ ಕಷ್ಟ.

ಇನ್ನು ಕರಾರಿನ ದಾರಿ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಆರೋಗ್ಯ ಮಂತ್ರಿಯಾಗಿದ್ದ ಕ್ರಿಸ್ಟೋಫರ್ ಆಡಿಸನ್ ತಂದ 1919ರ ವಸತಿ ಕಾಯ್ದೆಯಿಂದ ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡತೊಡಗಿದವು. 1970ರ ದಶಕದ ಕೊನೆಗೆ ದೇಶದ ಸುಮಾರು ಮೂರನೆಯ ಒಂದು ಭಾಗದಷ್ಟು ಕುಟುಂಬಗಳು ಇಂಥ ಮನೆಗಳಲ್ಲಿದ್ದವು. ಬಾಡಿಗೆದಾರರಿಗೆ ಮನೆ ಮಾರುವ ಅವಕಾಶ ಕೌನ್ಸಿಲ್‌ಗಳಿಗೆ ಮೊದಲೂ ಇತ್ತು, ಮಾರಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಹೀಗಾಗಿ ಕನ್ಸರ್ವೇಟಿವ್ ಪಕ್ಷ ಗೆದ್ದ ಊರಿನಲ್ಲಿ ಮಾರಾಟ ನಡೆಯುವುದು, ಲೇಬರ್ ಪಕ್ಷ ಬಂದೊಡನೆ ಅದು ನಿಲ್ಲುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿತ್ತು.

ಮ್ಯಾಂಚೆಸ್ಟರ್‌ನಲ್ಲಿ ಆದದ್ದೂ ಇದೇ. ಕನ್ಸರ್ವೇಟಿವ್ ಆಡಳಿತದಲ್ಲಿದ್ದ ನಗರಸಭೆಯು 1970ರಲ್ಲಿ ಬಾಡಿಗೆದಾರರಿಗೆ ಮನೆ ಮಾರುವ ಯೋಜನೆ ಪ್ರಕಟಿಸಿತು. ಗಿಬ್ಸನ್ ಎಂಬ ಬಾಡಿಗೆದಾರರು ತಮ್ಮ ಮನೆಯ ಬೆಲೆ ಎಷ್ಟೆಂದು ವಿಚಾರಿಸಿದರು. 1971ರ ಫೆಬ್ರವರಿ 10ರ ದಿನಾಂಕದ ಉತ್ತರ ಬಂದಿತು: 2,725 ಪೌಂಡಿನಲ್ಲಿ ಶೇ. 20ರಷ್ಟು ಕಳೆದು 2,180 ಪೌಂಡಿಗೆ ಮನೆಯನ್ನು ಮಾರಲು ನಗರಸಭೆ ಸಿದ್ಧವಿರಬಹುದು. ಕೊಳ್ಳಲು ವಿಧಿವತ್ತಾಗಿ ಅರ್ಜಿ ಹಾಕಬಯಸಿದರೆ ಇದರೊಂದಿಗಿರುವ ನಮೂನೆಯನ್ನು ತುಂಬಿ ಕಳಿಸಿ. ಅವರು ತುಂಬಿ ಕಳಿಸಿದರು. ಮನೆಯ ಮುಂದಿನ ಕಾಲುದಾರಿ ಹಾಳಾಗಿದೆ, ಅದಕ್ಕಾಗಿ ಬೆಲೆ ಇಳಿಸುವಿರಾ ಎಂದೂ ಕೇಳಿದರು. ಇಳಿಸಲಾಗದು ಎಂಬ ಉತ್ತರ ಬಂದ ಮೇಲೆ, ಆಗಲಿ, ಮುಂದುವರಿಸಿ ಎಂದು ಮಾರ್ಚ್‌ನಲ್ಲಿ ಬರೆದರು. ಮೇ ತಿಂಗಳ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದಿತು. ಕರಾರುಪತ್ರಗಳ ವಿನಿಮಯ ಮುಗಿದಿರುವ ಮನೆಗಳನ್ನಷ್ಟೇ ಮಾರುವುದು, ಉಳಿದದ್ದನ್ನು ಕೈಬಿಡುವುದು ಎಂದು ಹೊಸ ಆಡಳಿತ ತೀರ್ಮಾನಿಸಿತು.

ಗಿಬ್ಸನ್ ಕೋರ್ಟಿಗೆ ಹೋದರು. ಮನೆಯನ್ನು ಬರೆದುಕೊಡಬೇಕೆಂದು ಕೌಂಟಿ ನ್ಯಾಯಾಲಯ ಆದೇಶಿಸಿತು. ಮೇಲ್ಮನವಿ ನ್ಯಾಯಾಲಯದಲ್ಲೂ ಬಹುಮತ ಅವರ ಪರವಾಗಿಯೇ ಬಂದಿತು. ಅಲ್ಲಿ ನ್ಯಾಯಮೂರ್ತಿ ಲಾರ್ಡ್ ಡೆನಿಂಗ್ ಹಿಡಿದ ಜಾಡು ಜನಸಾಮಾನ್ಯರ ನ್ಯಾಯಪ್ರಜ್ಞೆಗೆ ಹತ್ತಿರವಾದುದು: ಪ್ರಸ್ತಾವ ಯಾವ ಪತ್ರದಲ್ಲಿದೆ, ಸ್ವೀಕಾರ ಯಾವ ಪತ್ರದಲ್ಲಿದೆ ಎಂದು ಹುಡುಕಬೇಕಾಗಿಲ್ಲ, ಪತ್ರವ್ಯವಹಾರವನ್ನೂ ಎರಡೂ ಕಡೆಯವರ ನಡವಳಿಕೆಯನ್ನೂ ಒಟ್ಟಾಗಿ ನೋಡಿದಾಗ ಮುಖ್ಯ ವಿಷಯಗಳಲ್ಲಿ ಒಪ್ಪಂದವಾಗಿದೆ ಎಂದು ಕಂಡರೆ ಸಾಕು. ಆದರೆ 1979ರ ಮಾರ್ಚ್‌ನಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಈ ತೀರ್ಪನ್ನು ತಳ್ಳಿಹಾಕಿದರು. ಮಾರಲು ಸಿದ್ಧವಿರಬಹುದು ಎಂಬ ಮಾತಿನಿಂದ ನಗರಸಭೆ ಯಾವುದಕ್ಕೂ ಬದ್ಧವಾಗಿರಲಿಲ್ಲ. ಅದು ಅರ್ಜಿ ಹಾಕಿರೆಂಬ ಆಹ್ವಾನ ಮಾತ್ರ. ಬಾಡಿಗೆದಾರರು ಕಳಿಸಿದ ಅರ್ಜಿಯೇ ಮೊದಲ ಪ್ರಸ್ತಾವ, ಅದನ್ನು ನಗರಸಭೆ ಎಂದೂ ಸ್ವೀಕರಿಸಲಿಲ್ಲ ಎಂಬುದು ಆ ಐವರಲ್ಲೊಬ್ಬರಾದ ಲಾರ್ಡ್ ಡಿಪ್ಲಾಕ್ ಅವರ ವಿವರಣೆಯ ಸಾರ. ಭಾರತದ ಕಾನೂನು ವಿದ್ಯಾರ್ಥಿಗಳೂ ಕರಾರು ಕಾನೂನಿನ ಮೊದಲ ಪಾಠಗಳಲ್ಲಿ ಓದುವ ಪ್ರಕರಣವಿದು. ಅದರ ಹಿಂದೆ ಒಂದು ಮನೆಯೂ ಒಂದು ಚುನಾವಣೆಯೂ ಇದ್ದವೆಂಬುದು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಇದೇ ನಗರಸಭೆಯ ಇನ್ನೊಬ್ಬ ಬಾಡಿಗೆದಾರರು, ಸ್ಟೋರರ್, 1974ರಲ್ಲಿಯೇ ಗೆದ್ದಿದ್ದರು. ಅವರ ಅರ್ಜಿ ಒಂದು ಹೆಜ್ಜೆ ಮುಂದೆ ಹೋಗಿತ್ತು. ಮಾರಾಟದ ಕರಾರು ಎಂಬ ನಮೂನೆಯನ್ನೇ ನಗರಸಭೆ ಅವರಿಗೆ ಕಳಿಸಿ, ಸಹಿ ಮಾಡಿ ಹಿಂದಿರುಗಿಸಿದರೆ ನಗರಸಭೆಯ ಸಹಿಯಿರುವ ಪ್ರತಿಯನ್ನು ಕಳಿಸುವುದಾಗಿ ಬರೆದಿತ್ತು. ಅವರು ಚುನಾವಣೆಗೆ ಮುಂಚೆಯೇ ಸಹಿ ಮಾಡಿ ಕಳಿಸಿದ್ದರು. ಬಾಡಿಗೆ ಮುಗಿಯುವ ದಿನಾಂಕದ ಜಾಗ ಖಾಲಿಯಿತ್ತು, ನಗರಸಭೆಯ ಸಹಿ ಇನ್ನೂ ಬಿದ್ದಿರಲಿಲ್ಲ. ಆದರೂ ಕರಾರು ಪೂರ್ಣವಾಗಿದೆ ಎಂದಿತು ಮೇಲ್ಮನವಿ ನ್ಯಾಯಾಲಯ. ಒಂದೇ ಊರು, ಒಂದೇ ಯೋಜನೆ, ಒಂದೇ ಚುನಾವಣೆ. ಯಾರು ಎಷ್ಟು ವರ್ಷ ವಾಸವಿದ್ದರು ಎಂಬುದನ್ನು ಎರಡೂ ಪ್ರಕರಣಗಳು ತೂಗಲಿಲ್ಲ. ತೂಗಿದ್ದು ಯಾವ ಕಾಗದ ಯಾರ ಕೈಯಲ್ಲಿತ್ತು ಎಂಬುದನ್ನು.

ಈ ತತ್ವ ಕನ್ನಡ ನಾಡಿಗೆ ಹೊಸದಲ್ಲ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ 1951ರಲ್ಲಿ, ಮಡಿಕೇರಿಯ ಬಂಗಲೆಯೊಂದರ ಮಾರಾಟದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪಲಾರೆ ಎಂದು ಮಾಲೀಕರು ತಂತಿ ಕಳಿಸಿದ್ದರು. ಕೊಳ್ಳಬಯಸಿದವರು ಹತ್ತು ಸಾವಿರ ಕೊಡಲು ಒಪ್ಪಿ, ಕರಾರಾಯಿತೆಂದು ವಾದಿಸಿದರು. ಕನಿಷ್ಠ ಬೆಲೆ ಹೇಳಿದ ಮಾತ್ರಕ್ಕೆ ಮಾರುತ್ತೇನೆಂಬ ಪ್ರಸ್ತಾವವಾಗದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮ್ಯಾಂಚೆಸ್ಟರ್‌ನ ಬಾಡಿಗೆದಾರರು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದುರಿಸಿದ್ದು ಈ ಜಾತಿಯ ನಿಯಮವನ್ನೇ.

ಇಂದಿನ ಇಂಗ್ಲೆಂಡಿನಲ್ಲಿ ಈ ದಾರಿ ಇನ್ನಷ್ಟು ಕಿರಿದಾಗಿದೆ. 1989ರ ಕಾಯ್ದೆಯ ಪ್ರಕಾರ ಭೂಮಿ ಅಥವಾ ಮನೆಯ ಮಾರಾಟದ ಕರಾರು ಲಿಖಿತವಾಗಿರಬೇಕು, ಒಪ್ಪಿದ ಷರತ್ತುಗಳೆಲ್ಲ ಒಂದೇ ದಾಖಲೆಯಲ್ಲಿರಬೇಕು, ಎರಡೂ ಕಡೆಯವರ ಸಹಿ ಬೇಕು. ಕಚೇರಿಯ ಅಧಿಕಾರಿಯೊಬ್ಬರು ಮುಂದೆ ಇದು ನಿಮ್ಮದೇ ಆಗುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು ಎಂಬ ಆಧಾರದ ಮೇಲೆ ಹೂಡುವ ದಾವೆ ಇದರ ಮುಂದೆ ನಿಲ್ಲುವುದು ಅಪರೂಪ.

ಲಾರ್ಡ್ಸ್ ತೀರ್ಪು ಬಂದ ಎರಡು ತಿಂಗಳಿಗೆ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. 1980ರ ವಸತಿ ಕಾಯ್ದೆಯು ಅದೇ ವರ್ಷದ ಅಕ್ಟೋಬರ್ 3ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌನ್ಸಿಲ್ ಬಾಡಿಗೆದಾರರಿಗೆ ಕೊಳ್ಳುವ ಹಕ್ಕನ್ನು ಕೊಟ್ಟಿತು. ಸ್ಕಾಟ್ಲೆಂಡಿಗೆ ಪ್ರತ್ಯೇಕ ಕಾಯ್ದೆ ಬಂದಿತು. ಮೂರು ವರ್ಷ ಬಾಡಿಗೆಗಿದ್ದವರಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇ. 33 ರಿಯಾಯಿತಿ, ಆಮೇಲಿನ ಪ್ರತಿ ವರ್ಷಕ್ಕೆ ಶೇ. 1 ಹೆಚ್ಚು, ಇಪ್ಪತ್ತು ವರ್ಷವಾದವರಿಗೆ ಶೇ. 50. ವಾಸದ ವರ್ಷಗಳಿಗೆ ಕಾನೂನಿನಲ್ಲಿ ಒಂದು ದರ ನಿಗದಿಯಾದದ್ದು ಇಲ್ಲಿ. ಬಾಡಿಗೆದಾರರ ಸ್ಥಾನಕ್ಕೂ ಇದೇ ಕಾಯ್ದೆ ರಕ್ಷಣೆ ಕೊಟ್ಟಿತು. ಅದುವರೆಗೆ ನೋಟಿಸು ಕೊಟ್ಟು, ಕಾರಣ ತೋರಿಸದೆಯೇ ಮನೆ ಬಿಡಿಸುವ ಅಧಿಕಾರ ಕೌನ್ಸಿಲ್‌ಗಳಿಗಿತ್ತು. ಈ ಎರಡನೆಯ ಭಾಗಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದೇ ನನ್ನ ಅನಿಸಿಕೆ, ಏಕೆಂದರೆ ಮನೆ ಕೊಳ್ಳಲಾಗದ ಬಾಡಿಗೆದಾರರಿಗೆ ಉಪಯೋಗಕ್ಕೆ ಬಂದದ್ದು ಅದೇ.

ಕರ್ನಾಟಕದ ಓದುಗರಿಗೆ ಇದರ ರಚನೆ ಪರಿಚಿತವೆನಿಸಬಹುದು. ತಲೆಮಾರುಗಳಿಂದ ಉಳುತ್ತಿದ್ದ ಗೇಣಿದಾರರಿಗೆ ಭೂಮಿಯ ಮೇಲೆ ಹಕ್ಕು ಬಂದದ್ದು ಉಳುಮೆಯ ವರ್ಷಗಳ ಬಲದಿಂದಲ್ಲ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯಿಂದ. ಫಾರಂ ನಂಬರ್ 7 ಸಲ್ಲಿಸಿದವರಿಗೆ ಭೂ ನ್ಯಾಯಮಂಡಳಿಯಲ್ಲಿ ಹಕ್ಕು ಸಿಕ್ಕಿತು, ಗಡುವಿನೊಳಗೆ ಸಲ್ಲಿಸದ ಗೇಣಿದಾರರು ಎಷ್ಟು ಹಳಬರಾದರೂ ತೊಂದರೆಗೆ ಬಿದ್ದರು. ಉದ್ದೇಶದಲ್ಲಿ ಎರಡು ಶಾಸನಗಳಿಗೂ ಅಜಗಜಾಂತರವಿದೆ. ಒಂದು ಖಾಸಗಿ ಜಮೀನ್ದಾರಿಕೆಯನ್ನು ಮುರಿಯಿತು, ಇನ್ನೊಂದು ಸಾರ್ವಜನಿಕ ಆಸ್ತಿಯನ್ನು ಖಾಸಗಿಯವರ ಕೈಗೆ ದಾಟಿಸಿತು. ಆದರೆ ವಾಸ ಅಥವಾ ಉಳುಮೆ ಒಡೆತನವಾಗಲು ಶಾಸನದ ಸೇತುವೆಯೇ ಬೇಕೆಂಬುದು ಎರಡೂ ಕಡೆ ಒಂದೇ.

ಕಾಯ್ದೆ ಬಂದೊಡನೆ ಎಲ್ಲ ಕೌನ್ಸಿಲ್‌ಗಳೂ ಮನಸ್ಸಿಟ್ಟು ಮಾರಲಿಲ್ಲ. ಅವರ ಆಕ್ಷೇಪವನ್ನು ಹಟವೆಂದು ತಳ್ಳಿಹಾಕುವಂತಿಲ್ಲ: ಮಾರಿದ ಪ್ರತಿ ಮನೆಯೂ ಸರತಿಯಲ್ಲಿ ಕಾದಿರುವ ಇನ್ನೊಂದು ಕುಟುಂಬಕ್ಕೆ ಇಲ್ಲವಾಗುತ್ತದೆ, ರಿಯಾಯಿತಿ ಬೆಲೆಗೆ ಮಾರಿದ ಹಣದಲ್ಲಿ ಬದಲಿ ಮನೆ ಕಟ್ಟಲಾಗುವುದಿಲ್ಲ. ನಾರ್ವಿಚ್ ನಗರಸಭೆ ಕೆಲಸವನ್ನು ನಿಧಾನವಾಗಿ ನಡೆಸಿತು. ಬೆಲೆ ಕಟ್ಟಲು ಸರ್ಕಾರದ ಜಿಲ್ಲಾ ಮೌಲ್ಯಮಾಪಕರ ನೆರವು ಪಡೆಯಲು ಒಪ್ಪಲಿಲ್ಲ, ಕೊಳ್ಳಬಯಸಿದವರನ್ನು ಕರೆಸಿ ಸಲಹೆ ಕೊಡುವ ಏರ್ಪಾಟಿನಲ್ಲೂ ಕಾಲ ಕಳೆಯಿತು. ಬಾಡಿಗೆದಾರರಿಗೆ ಹಕ್ಕನ್ನು ಪರಿಣಾಮಕಾರಿಯಾಗಿ, ಶೀಘ್ರವಾಗಿ ಚಲಾಯಿಸಲು ತೊಂದರೆಯಾಗುತ್ತಿದೆ ಎಂದು ಮಂತ್ರಿಗೆ ಕಂಡುಬಂದರೆ ಮಾರಾಟದ ಕೆಲಸವನ್ನು ಸರ್ಕಾರವೇ ವಹಿಸಿಕೊಳ್ಳಬಹುದು ಎಂದು ಕಾಯ್ದೆಯ 23ನೆಯ ಕಲಮು ಹೇಳುತ್ತಿತ್ತು. 1981ರ ಡಿಸೆಂಬರ್‌ನಲ್ಲಿ ಪರಿಸರ ಮಂತ್ರಿ ಮೈಕೆಲ್ ಹೆಸೆಲ್ಟೈನ್ ಅದನ್ನು ಬಳಸಿದರು. ನಗರಸಭೆ ಅದನ್ನು ಪ್ರಶ್ನಿಸಿತು, 1982ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಕೇಂದ್ರ ಸರ್ಕಾರ ಸ್ಥಳೀಯ ಸ್ವಯಮಾಡಳಿತದೊಳಗೆ ಕೈಹಾಕುವ ಇಂಥ ಅಧಿಕಾರದ ಬಗ್ಗೆ ನ್ಯಾಯಾಲಯ ಎಚ್ಚರವಾಗಿರಬೇಕೆಂದು ಹೇಳಿದ ಡೆನಿಂಗ್ ಅವರೇ, ಶಾಸನದ ಮಾತು ಸ್ಪಷ್ಟವಾಗಿದೆ, ಮಂತ್ರಿಯ ಕ್ರಮ ಅದರೊಳಗೇ ಇದೆ ಎಂದು ಒಪ್ಪಬೇಕಾಯಿತು.

ಈಗ ಹಕ್ಕು ನಡೆಯುವ ಬಗೆ. ಇಂದು ಮೂಲವಾಗಿರುವುದು 1985ರ ವಸತಿ ಕಾಯ್ದೆ. ಬಾಡಿಗೆದಾರರು ನಿಗದಿತ ನಮೂನೆಯಲ್ಲಿ ನೋಟಿಸು ಕೊಟ್ಟ ಮೇಲೆ ಸಾಮಾನ್ಯವಾಗಿ ನಾಲ್ಕು ವಾರಗಳೊಳಗೆ ಕೌನ್ಸಿಲ್ ಹಕ್ಕನ್ನು ಒಪ್ಪಬೇಕು, ಇಲ್ಲವೇ ಕಾರಣ ಹೇಳಿ ನಿರಾಕರಿಸಬೇಕು. ಒಪ್ಪಿದರೆ, ಬಿಡಿ ಮನೆಯಾದರೆ ಎಂಟು ವಾರಗಳಲ್ಲಿ, ಫ್ಲ್ಯಾಟ್ ಆದರೆ ಹನ್ನೆರಡು ವಾರಗಳಲ್ಲಿ ಬೆಲೆ, ರಿಯಾಯಿತಿ, ಷರತ್ತುಗಳನ್ನು ತಿಳಿಸಬೇಕು. ಬೆಲೆ ಹೆಚ್ಚಾಯಿತೆಂದು ಕಂಡರೆ ಜಿಲ್ಲಾ ಮೌಲ್ಯಮಾಪಕರ ಬಳಿ ಹೋಗಬಹುದು. ಎಲ್ಲ ವಿಷಯಗಳೂ ಇತ್ಯರ್ಥವಾದ ಮೇಲೆ 138ನೆಯ ಕಲಮಿನ ಪ್ರಕಾರ ಕೌನ್ಸಿಲ್ ಮನೆಯನ್ನು ಬರೆದುಕೊಡಲೇಬೇಕು, ಬರೆದುಕೊಡದಿದ್ದರೆ ನ್ಯಾಯಾಲಯ ಆಜ್ಞೆ ಮಾಡಬಹುದು. ಬಾಡಿಗೆದಾರರು ಕೋರ್ಟಿಗೆ ಹೋಗುವ ಬಹುತೇಕ ಪ್ರಕರಣಗಳಲ್ಲಿ ಪ್ರಶ್ನೆ ಇದೇ: ಎಲ್ಲವೂ ಇತ್ಯರ್ಥವಾದ ಆ ಘಟ್ಟ ತಲುಪಿದೆಯೇ, ತಲುಪುವ ಮುನ್ನ ಏನಾದರೂ ಅಡ್ಡ ಬಂದಿತೇ.

1990ರಲ್ಲಿ ವೆಲ್ವಿನ್ ಹ್ಯಾಟ್‌ಫೀಲ್ಡ್ ಜಿಲ್ಲಾ ಕೌನ್ಸಿಲ್‌ನ ಬಾಡಿಗೆದಾರರು ಈ ಘಟ್ಟ ದಾಟಿದ್ದರು. ಮನೆಗಳನ್ನು ಕೆಡವಿ ಪ್ರದೇಶವನ್ನು ಹೊಸದಾಗಿ ಕಟ್ಟಬೇಕಾಗಿದೆ ಎಂಬ ಯೋಜನೆಯನ್ನು ಕೌನ್ಸಿಲ್ ಮುಂದಿಟ್ಟರೂ, ಹಕ್ಕು ಆಗಲೇ ಗಟ್ಟಿಯಾಗಿದೆ ಎಂದು ನ್ಯಾಯಾಲಯ ಹೇಳಿತು. 1993ರಲ್ಲಿ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್, ನೆರೆಹೊರೆಯವರಿಗೆ ಕಿರುಕುಳ ಕೊಟ್ಟರೆಂಬ ಕಾರಣಕ್ಕೆ ಮಾರಾಟವನ್ನು ತಡೆಹಿಡಿಯಲು ನೋಡಿತು. ಶಾಸನದ ಷರತ್ತುಗಳು ಪೂರೈಸಿದ ಮೇಲೆ ಕೊಳ್ಳುವವರ ನಡತೆ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಿ ಆಜ್ಞೆಯನ್ನು ನಿರಾಕರಿಸುವ ವಿವೇಚನೆ ತನಗಿಲ್ಲ ಎಂದಿತು ನ್ಯಾಯಾಲಯ. ಗಿಬ್ಸನ್‌ರನ್ನು ಸೋಲಿಸಿದ್ದ ಅಕ್ಷರನಿಷ್ಠೆಯೇ ಇಲ್ಲಿ ಬಾಡಿಗೆದಾರರ ಪರ ನಿಂತಿತು.

ಆದರೆ ಆ ಘಟ್ಟ ತಲುಪುವ ಮೊದಲೇ ಮನೆ ತೆರವು ಮಾಡಬೇಕೆಂಬ ಆದೇಶ ಬಂದರೆ ಕೊಳ್ಳುವ ಹಕ್ಕು ನಿಲ್ಲುತ್ತದೆ. ಹೀಗಾಗಿ ಎರಡು ಅರ್ಜಿಗಳ ಓಟದ ಸ್ಪರ್ಧೆ ಶುರುವಾಗುತ್ತದೆ. 1998ರಲ್ಲಿ ಬ್ರಿಸ್ಟಲ್ ನಗರಸಭೆಯ ಪ್ರಕರಣ ಹೌಸ್ ಆಫ್ ಲಾರ್ಡ್ಸ್‌ಗೆ ಬಂದಾಗ ಎದ್ದದ್ದು ಈ ಪ್ರಶ್ನೆ. ಮನೆಯಿಂದ ಮಾದಕ ವಸ್ತುಗಳ ವ್ಯಾಪಾರ ನಡೆಯುತ್ತಿದೆ ಎಂದು ಆರೋಪಿಸಿ ನಗರಸಭೆ ತೆರವಿಗೆ ದಾವೆ ಹೂಡಿತ್ತು, ಬಾಡಿಗೆದಾರ ಮನೆ ಕೊಳ್ಳುವ ಹಕ್ಕಿನ ಆಜ್ಞೆ ಕೋರಿದ್ದ. ಯಾವುದನ್ನು ಮೊದಲು ವಿಚಾರಣೆಗೆ ಎತ್ತಿಕೊಳ್ಳಬೇಕು? ಆ ಕ್ರಮವನ್ನು ನಿರ್ಧರಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ಕೊಳ್ಳುವ ಅರ್ಜಿಯನ್ನೇ ಮೊದಲು ತೀರ್ಮಾನಿಸಬೇಕೆಂಬ ಕಟ್ಟಳೆಯಿಲ್ಲ ಎಂದು ಲಾರ್ಡ್ಸ್ ಹೇಳಿದರು. ಮುಂದೆ 2004ರ ವಸತಿ ಕಾಯ್ದೆಯಲ್ಲಿ, ಸಮಾಜಕ್ಕೆ ಉಪಟಳವಾಗುವ ನಡತೆಯ ಕಾರಣಕ್ಕೆ ಹಕ್ಕನ್ನು ಅಮಾನತಿನಲ್ಲಿಡುವ ಅಧಿಕಾರ ನ್ಯಾಯಾಲಯಕ್ಕೆ ಸಿಕ್ಕಿತು. ಕೆಡವಲಿರುವ ಮನೆಗಳ ಬಗ್ಗೆ ಮೊದಲೇ ನೋಟಿಸು ಕೊಟ್ಟು ಮಾರಾಟ ತಡೆಯುವ ಅವಕಾಶವೂ ಬಂದಿತು. ಕೌನ್ಸಿಲ್‌ಗಳು ನ್ಯಾಯಾಲಯದಲ್ಲಿ ಸೋತ ಜಾಗಗಳಲ್ಲೆಲ್ಲ ಸಂಸತ್ತು ತೇಪೆ ಹಾಕಿದ್ದನ್ನು ಇಲ್ಲಿ ಕಾಣಬಹುದು.

ಅತ್ಯಂತ ನೋವಿನ ಪ್ರಕರಣಗಳು ಸಾವಿಗೆ ಸಂಬಂಧಿಸಿದವು. ಕೊಳ್ಳುವ ಹಕ್ಕು ಬಾಡಿಗೆದಾರಿಕೆಗೆ ಅಂಟಿಕೊಂಡಿರುವಂಥದು, ಅದು ತಾನಾಗಿ ಆಸ್ತಿಯಲ್ಲ. ಬ್ರಾಡ್‌ಫರ್ಡ್ ನಗರಸಭೆಯ 1993ರ ಪ್ರಕರಣದಲ್ಲಿ ಬಾಡಿಗೆದಾರರು ಬೆಲೆ, ಷರತ್ತುಗಳನ್ನು ಒಪ್ಪಿಯೂ ಮನೆ ಬರೆಸಿಕೊಳ್ಳುವ ಮುನ್ನ ತೀರಿಕೊಂಡರು. ಅವರ ವಾರಸುದಾರರಿಗೆ ಆ ಹಕ್ಕು ಇಳಿಯುವುದಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಇದೇ ಕಾಲದ ಹ್ಯಾರೋ ಕೌನ್ಸಿಲ್‌ನ ಪ್ರಕರಣದಲ್ಲಿ ತಾಯಿ ತನ್ನ ನೋಟಿಸಿನಲ್ಲಿ ಮಗಳನ್ನೂ ಜೊತೆಗೆ ಕೊಳ್ಳುವವಳೆಂದು ಸೇರಿಸಿದ್ದಳು. ತಾಯಿ ಸತ್ತ ಮೇಲೂ ಮಗಳು ಮುಂದುವರಿಯಬಹುದೆಂದು ತೀರ್ಮಾನವಾಯಿತು. ಒಟ್ಟಿಗೆ ವಾಸವಿರುವ ಕುಟುಂಬದವರನ್ನು ಅರ್ಜಿಯಲ್ಲಿ ಸೇರಿಸಲು 123ನೆಯ ಕಲಮು ಅವಕಾಶ ಕೊಡುತ್ತದೆ. ವಯಸ್ಸಾದ ತಂದೆತಾಯಿಯ ಹೆಸರಿನಲ್ಲಿ ಮನೆಯಿರುವ ಮಕ್ಕಳಿಗೆ, ಅಲ್ಲಿ ವಾಸವಿದ್ದ ವರ್ಷಗಳಿಗಿಂತ ಆ ನಮೂನೆಯಲ್ಲಿ ಬರೆದ ಒಂದು ಹೆಸರು ಹೆಚ್ಚು ಬೆಲೆಬಾಳುತ್ತದೆ.

ಕೌನ್ಸಿಲ್ ಕೆಲಸವನ್ನು ಎಳೆದಾಡಿದರೆ ಕಾಯ್ದೆಯಲ್ಲಿ ಮದ್ದಿದೆ. ವಿಳಂಬದ ನೋಟಿಸುಗಳನ್ನು ಕ್ರಮವಾಗಿ ಕೊಟ್ಟ ಬಾಡಿಗೆದಾರರು ಅನಂತರ ಕಟ್ಟಿದ ಬಾಡಿಗೆಯನ್ನು ಮನೆಯ ಬೆಲೆಗೆ ಮುರಿದುಕೊಳ್ಳಬಹುದು. ಕಟ್ಟಿದ ಬಾಡಿಗೆ ಬೆಲೆಗೆ ಸಂದಾಯವಾಗಬೇಕೆಂಬ ಆಸೆ ಕಾನೂನಿನಲ್ಲಿ ನಿಜವಾಗುವುದು ಈ ಒಂದು ಮೂಲೆಯಲ್ಲಿ, ಅದೂ ಕೌನ್ಸಿಲ್ ತಪ್ಪು ಮಾಡಿದ ಅವಧಿಗೆ ಮಾತ್ರ. ನೋಟಿಸು ಕೊಡದೆ ಸುಮ್ಮನೆ ಕಾದವರಿಗೆ ಇದು ಸಿಗುವುದಿಲ್ಲ. ಹಕ್ಕನ್ನು ತಪ್ಪಾಗಿ ನಿರಾಕರಿಸಿದ್ದಕ್ಕೆ ಆಮೇಲೆ ನಷ್ಟ ಪರಿಹಾರ ಕೇಳುವುದೂ ಸುಲಭವಲ್ಲ. ಸದರ್ಕ್ ಕೌನ್ಸಿಲ್ ವಿರುದ್ಧದ 2011ರ ಪ್ರಕರಣದಲ್ಲಿ, ಶಾಸನವೇ ತೋರಿಸಿರುವ ದಾರಿಗಳಿರುವಾಗ ಅದರ ಉಲ್ಲಂಘನೆಗೆ ಪ್ರತ್ಯೇಕ ಪರಿಹಾರದ ದಾವೆ ನಡೆಯದು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಮನೆಗಳ ಬೆಲೆ ವರ್ಷದಿಂದ ವರ್ಷಕ್ಕೆ ಏರುವ ನಗರದಲ್ಲಿ ಇದರ ಪೆಟ್ಟು ಸಣ್ಣದಲ್ಲ.

ಮನೆ ಕೈಗೆ ಬಂದರೂ ಎಲ್ಲರಿಗೂ ಬರುವುದು ಒಂದೇ ಬಗೆಯ ಒಡೆತನವಲ್ಲ. ಬಿಡಿ ಮನೆ ಕೊಂಡವರಿಗೆ ನೆಲಸಹಿತ ಪೂರ್ಣ ಹಕ್ಕು ಸಿಗುತ್ತದೆ. ಫ್ಲ್ಯಾಟ್ ಕೊಂಡವರಿಗೆ ಸಿಗುವುದು ಸಾಮಾನ್ಯವಾಗಿ 125 ವರ್ಷದ ಗುತ್ತಿಗೆ. ವರ್ಷಕ್ಕೆ 10 ಪೌಂಡ್ ಮೀರದ ನೆಲಬಾಡಿಗೆ ಹಗುರವೇ, ಆದರೆ ಕಟ್ಟಡ ಕೌನ್ಸಿಲ್‌ನದೇ ಆಗಿ ಉಳಿಯುವುದರಿಂದ ಛಾವಣಿ, ಲಿಫ್ಟ್, ಹೊರಗೋಡೆಗಳ ರಿಪೇರಿಯ ಪಾಲು ಇವರ ತಲೆಗೆ ಬರುತ್ತದೆ. ರಿಯಾಯಿತಿಯಲ್ಲಿ ಕೊಂಡ ಫ್ಲ್ಯಾಟಿಗೆ ಸಾವಿರಾರು ಪೌಂಡಿನ ರಿಪೇರಿ ಬಿಲ್ ಬಂದು ಕೌನ್ಸಿಲ್ ಎದುರು ನ್ಯಾಯಮಂಡಳಿಗೆ ಹೋಗುವವರೂ ಇದ್ದಾರೆ.

ಯಾರಿಗೆ ಈ ಹಕ್ಕಿಲ್ಲ ಎಂಬುದು ಅಷ್ಟೇ ಮುಖ್ಯ. ಮನೆಯ ಒಡೆತನ ಕೌನ್ಸಿಲ್‌ನಿಂದ ವಸತಿ ಸಂಘಕ್ಕೆ (ಲಾಭದ ಉದ್ದೇಶವಿಲ್ಲದೆ ಮನೆ ಬಾಡಿಗೆಗೆ ಕೊಡುವ ಸಂಸ್ಥೆಗೆ) ವರ್ಗವಾದಾಗ ಅಲ್ಲಿದ್ದವರ ಹಕ್ಕನ್ನು ಕಾಯ್ದೆ ಉಳಿಸುತ್ತದೆ, ಆಮೇಲೆ ಬಂದವರಿಗೆ ಸಾಮಾನ್ಯವಾಗಿ ಅದೇ ಹಕ್ಕು ಇರುವುದಿಲ್ಲ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಬ್ಬರು ಕೊಳ್ಳಬಲ್ಲವರು, ಇನ್ನೊಬ್ಬರು ಕೊಳ್ಳಲಾರದವರು. ಬಾಡಿಗೆ ಬಾಕಿ ಉಳಿಸಿಕೊಂಡವರಿಗೆ ಬಾಕಿ ತೀರುವವರೆಗೆ ಮನೆ ಬರೆದುಕೊಡಬೇಕಾಗಿಲ್ಲ.

ಶಾಸನ ಕೊಟ್ಟದ್ದನ್ನು ಶಾಸನ ಹಿಂತೆಗೆದುಕೊಳ್ಳಬಲ್ಲದು. ಇಂಗ್ಲೆಂಡೊಂದರಲ್ಲೇ ಸುಮಾರು 20 ಲಕ್ಷ ಮನೆಗಳು ಈ ಹಕ್ಕಿನಡಿ ಮಾರಾಟವಾದ ಮೇಲೆ, ಬಾಡಿಗೆ ಮನೆಗಳ ಕೊರತೆಯನ್ನು ಮುಂದಿಟ್ಟು ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರ ಜನವರಿಯಲ್ಲಿ ಹಕ್ಕನ್ನೇ ಕೊನೆಗೊಳಿಸಿದವು. ಕೊನೆಯ ದಿನದೊಳಗೆ ಅರ್ಜಿ ಕೊಟ್ಟವರಿಗೆ ಅದು ಉಳಿಯಿತು, ಮರುದಿನ ಬಂದ ನಲವತ್ತು ವರ್ಷದ ಬಾಡಿಗೆದಾರರಿಗೂ ಉಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಅರ್ಹತೆಯ ಅವಧಿ 1984ರಲ್ಲಿ ಎರಡು ವರ್ಷಕ್ಕೆ ಇಳಿಯಿತು, 2005ರಲ್ಲಿ ಐದಕ್ಕೆ ಏರಿತು, 2015ರಲ್ಲಿ ಮತ್ತೆ ಮೂರಕ್ಕೆ ಬಂದಿತು. 2024ರ ನವೆಂಬರ್ 21ರಿಂದ ಗರಿಷ್ಠ ರಿಯಾಯಿತಿಯನ್ನು, ಪ್ರದೇಶವನ್ನು ನೋಡಿ, 16,000ದಿಂದ 38,000 ಪೌಂಡ್‌ಗಳಿಗೆ ಇಳಿಸಲಾಗಿದೆ. ಅದಕ್ಕೆ ಮುಂಚೆ ಅದು ಲಂಡನ್ನಿನಲ್ಲಿ ಒಂದು ಲಕ್ಷ ಪೌಂಡನ್ನು ದಾಟಿತ್ತು. ಆ ದಿನಾಂಕಕ್ಕೆ ಮೊದಲು ಅರ್ಜಿಗಳು ಕೌನ್ಸಿಲ್ ಕಚೇರಿಗಳಿಗೆ ರಾಶಿರಾಶಿಯಾಗಿ ಬಂದವು. ಅರ್ಹತೆಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ, ಹೊಸದಾಗಿ ಕಟ್ಟಿದ ಮನೆಗಳನ್ನು 35 ವರ್ಷ ಮಾರಾಟದಿಂದ ಹೊರಗಿಡುವ ಉದ್ದೇಶವನ್ನು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಮೂರು ವರ್ಷ ದಾಟಿ ಹತ್ತು ತುಂಬದ ಬಾಡಿಗೆದಾರರು ಹೊಸ ಕಾಯ್ದೆ ಜಾರಿಯಾಗುವ ದಿನಕ್ಕೆ ಮೊದಲು ನೋಟಿಸು ಕೊಟ್ಟಿದ್ದಾರೆಯೇ, ಅದು ಕೌನ್ಸಿಲ್‌ಗೆ ಯಾವತ್ತು ತಲುಪಿತು ಎಂಬ ತಕರಾರುಗಳು ಕೌಂಟಿ ನ್ಯಾಯಾಲಯಗಳಿಗೆ ಬರಲಿವೆ.